ಆರು ಬಾವಿಯ ನೀರು

ನನ್ನ ತಂಗಿಯ ಕಾಲು ಸೊಟ್ಟ. ನಿಂತರೆ ಎರಡು ಮೊಣಕಾಲು ಒಂದಕ್ಕೊಂದು ತಾಗಿ, ಪಾದಗಳು ಮೊಳ ದೂರ ಸರಿಯುತ್ತಿದ್ದವು. ನನ್ನ ಕಾಲು ನೆಟ್ಟಗಿದ್ದವು, ಈಗಲೂ ಇವೆ. ಆದರೂ ಚಿಕ್ಕಂದಿನಿಂದ ಹೊಟ್ಟೆಕಿಚ್ಚು ಪಟ್ಟವಳು ನಾನು. ಹೇಳಿದರೆ ಜನ ನಗುತ್ತಾರೆ. ನಡೆಯಲು ಬರುವವಳಿಗೆ ನಡೆಯಲು ಬಾರದವಳ ಮೇಲೆ ಎಂಥ ಮತ್ಸರ ಎನ್ನುತ್ತಾರೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.

ಅಪ್ಪ ಅವ್ವ ಮೊದಲು ಮುಂಡರಗಿಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ ಬೇರೆಯವರ ಹೊಲವನ್ನು ಲಾವಣಿಗೆ ಹಿಡಿದು ಸಾಗುವಳಿ ಮಾಡಿಕೊಂಡಿದ್ದರು. ನಾನು ಕೂಸಿದ್ದಾಗ ಅವ್ವನಿಗೆ ಮೈಯಲ್ಲಿ ಹುಷಾರಿರಲಿಲ್ಲವೆಂದು ನನ್ನನ್ನು ಲಕ್ಷ್ಮೇಶ್ವರದಲ್ಲಿ ಅಜ್ಜಿಯ ಹತ್ತಿರ ಬಿಟ್ಟರು. ತಂಗಿ ಹುಟ್ಟಿ ಬೆಳೆದದ್ದು ಆ ಹಳ್ಳಿಯಲ್ಲೇ. ಅಜ್ಜಿ ತೀರಿದ ಮೇಲೆ, ಅಪ್ಪನಿಗೆ ಗದಗಿನ ಒಂದು ಹತ್ತಿ ಜಿನ್ನಿನಲ್ಲಿ ಕೆಲಸ ಸಿಕ್ಕಿ ನಾವೆಲ್ಲ ಬೆಟಗೇರಿಗೆ ಬಂದೆವು. ಆಗ ನನಗೆ ಎಂಟು, ಆಕೆಗೆ ಆರು. ನಾನು ತಂಗಿಯನ್ನು ಸರಿಯಾಗಿ ನೋಡಿದ್ದೇ ಆವಾಗ. ಅಷ್ಟು ಹೊತ್ತಿಗೆ ಆಕೆಯ ಕಾಲು ಬಾಗಿ ಹೋಗಿದ್ದವು.

ಆಕೆಯನ್ನು ಶಾಲೆಗೆ ಹೊತ್ತೊಯ್ಯುವುದು ನನ್ನ ಪಾಲಿಗೆ ಬಂತು. ಒಂದೇ ಶಾಲೆ ಇರುವತನಕ ತೊಂದರೆಯಾಗಲಿಲ್ಲ. ಆಕೆಯನ್ನು ಎರಡನೇತ್ತೆಯಲ್ಲಿ ಕೂರಿಸಿ ನಾನು ನಾಲ್ಕನೇತ್ತೆಗೆ ಹೋಗಿ ಕೂರುತ್ತಿದ್ದೆ. ಐದನೇತ್ತೆ ಬೇರೆ ಶಾಲೆಯಲ್ಲಿತ್ತು, ಬೇರೆ ದಾರಿ, ಅದೇ ಹೊತ್ತು. ಅವ್ವ ಕಂಡಿಕಿ ಸುತ್ತುತ್ತ ಕುಳಿತಿದ್ದಳು. ನೇಕಾರರ ಮನೆಗಳಿಗೆ ನೂಲು ಸುತ್ತಿ ಕೊಡುವ ಕೆಲಸ ಅದು. ತಲೆ ಎತ್ತದೆಯೇ ಹೇಳಿದಳು: "ನಿನಗ ಕಾಲು ಅದಾವ. ಆಕಿಗೆ ಓದರ ಇರಲಿ."

ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಆಕೆಯ ಶಾಲೆ ಮುಗಿಯಲಿಲ್ಲ. ಮೊದಲು ಬೆನ್ನ ಮೇಲೆ, ಆಕೆ ಭಾರವಾದ ಮೇಲೆ ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ತಳ್ಳಿಕೊಂಡು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಬಿಟ್ಟು ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಹಿಂದೆ ಕುಳಿತು ಪಾಠ ಬಾಯಿಪಾಠ ಮಾಡುತ್ತಿದ್ದಳು. ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತಿದ್ದಳು. ನನಗೆ ಎಷ್ಟೋ ಪಾಠ ಹಾಗೆಯೇ ಬಂದವು. ಬಂದವೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಆಕೆಯ ಕಾಲು ನೋಡಿ, ಈ ಮನೆಯ ರಕ್ತವೇ ಹೀಗೇನೋ ಎಂದುಕೊಂಡು ಹೋದದ್ದೂ ಇದೆ. ಎರಡು ಸಲ ಹಾಗಾಯಿತು. ಆ ಎರಡೂ ದಿನ ಆಕೆ ಊಟ ಮಾಡಲಿಲ್ಲ. ನಾನು ಮಾಡಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದೂರದ ಊರಿನ ವೈದ್ಯಕೀಯ ಕಾಲೇಜಿನ ಡಾಕ್ಟರರ ತಂಡವೊಂದು ನಮ್ಮ ಸೀಮೆಗೆ ಬಂತು. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಹಲ್ಲು ಕಂದಾಗುವುದು, ಬೆನ್ನು ಸೆಟೆಯುವುದು, ಮಕ್ಕಳ ಕಾಲು ಬಾಗುವುದು ಏಕೆಂದು ಹುಡುಕುವುದು ಅವರ ಕೆಲಸ. ನೀರಿನಲ್ಲಿ ಏನೋ ಇದೆ ಎಂಬ ಗುಮಾನಿ ಅವರಿಗಿತ್ತು. ಗದಗಿನಲ್ಲಿ ಒಂದು ದಿನ ತಪಾಸಣೆ ಇದೆ, ಇಂಥ ಕಾಲಿನವರು ಬರಬೇಕು ಎಂದು ಡಂಗುರ ಸಾರಿದ್ದರು. ತಂಗಿಯನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ನಾನೂ ಅವ್ವನೂ ಹೋದೆವು.

ದೊಡ್ಡ ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಬಗ್ಗಿ ಕಾಲ್ಬೆರಳು ಮುಟ್ಟಿರಿ, ಗದ್ದ ಎದೆಗೆ ಹಚ್ಚಿರಿ, ಎರಡು ಕೈ ತಲೆಯ ಹಿಂದೆ ಒಯ್ಯಿರಿ ಎನ್ನುತ್ತಿದ್ದರು. ಈ ಮೂರು ಆಗದಿದ್ದರೆ ಬೇನೆ ಇದೆ ಎಂದು ಬರೆದುಕೊಳ್ಳುತ್ತಿದ್ದರು. ಅವ್ವನಿಗೂ ಮಾಡಿಸಿದರು. ಅವ್ವ ಕೈ ಒಯ್ದಳು. "ಇವರಿಗೇನೂ ಇಲ್ಲ" ಎಂದು ಡಾಕ್ಟರು ಬರೆಯಹೊರಟರು.

"ಡಾಕ್ಟರ, ಒಂದು ಮಾತು" ಎಂದಳು ತಂಗಿ. "ನಮ್ಮವ್ವಗ ಕೈ ಹಿಂದ ಹೋಗೂದಿಲ್ಲರಿ. ನಾಕ ಮಂದಿ ಮುಂದ ಹಲ್ಲು ಕಚ್ಚಿ ಒಯ್ದಾಳ. ಹೆಣ್ಮಕ್ಕಳಿಗೆ ಕೈ ಎತ್ತು ಅನಬ್ಯಾಡ್ರಿ. ನಿನ್ನ ತುರುಬು ಯಾರು ಕಟ್ತಾರ ಅಂತ ಕೇಳ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವ್ವನ ಕಡೆ ತಿರುಗಿ, "ಯಾರು ಕಟ್ಟುತ್ತಾರಮ್ಮ?" ಎಂದರು. ಅವ್ವ ನಾಚಿಕೆಯಿಂದ ನನ್ನ ಕಡೆ ಕೈ ಮಾಡಿದಳು. "ದೊಡ್ಡಾಕಿ ಕಟ್ತಾಳ್ರಿ."

ಆ ಮಾತು ನನ್ನದಾಗಬೇಕಿತ್ತು. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಅವ್ವನ ಹಿಂದೆ ಕುಳಿತು ಎಣ್ಣೆ ಹಚ್ಚಿ ತುರುಬು ಕಟ್ಟುತ್ತಿದ್ದವಳು ನಾನು. ನನಗೆ ಅದು ಕೆಲಸವಾಗಿತ್ತು. ಮೂಲೆಯಲ್ಲಿ ಕುಳಿತು ನೋಡುತ್ತಿದ್ದ ಆಕೆಗೆ ಅದು ಪ್ರಶ್ನೆಯಾಗಿತ್ತು. ಡಾಕ್ಟರು ಆಕೆಯನ್ನು ಮತ್ತೆ ಮತ್ತೆ ಕೇಳಿದರು, ಇನ್ನೇನು ಕೇಳಬೇಕು, ಹೇಗೆ ಕೇಳಬೇಕು ಎಂದು. ಬಿದ್ದ ಜೋಳದ ಕಾಳು ಆರಿಸಲು ಆಗುತ್ತದೆಯೇ ಕೇಳಿರಿ, ಒಲೆಯ ಮುಂದೆ ನೆಲದ ಮೇಲೆ ಕೂರುತ್ತಾರೋ ಮಣೆ ಹಾಕಿಕೊಳ್ಳುತ್ತಾರೋ ಕೇಳಿರಿ, ಬಯಲಿಗೆ ಹೋದಾಗ ಏಳಲು ಏನು ಹಿಡಿದುಕೊಳ್ಳುತ್ತಾರೆ ಕೇಳಿರಿ, ಅದನ್ನು ಮಾತ್ರ ಗಂಡಸರು ಕೇಳಬೇಡಿರಿ ಎಂದಳು. ಹೊರಗೆ ಸರದಿ ಕಾಯುತ್ತಿದ್ದವರು ಗೊಣಗಹತ್ತಿದರು. ನಾವು ಎದ್ದು ಹೊರಡುವಾಗ ಡಾಕ್ಟರು, "ನಮ್ಮ ಜೊತೆ ಕೆಲಸ ಮಾಡುತ್ತೀರಾ?" ಎಂದರು. ಬಹುವಚನದಲ್ಲಿ ಕೇಳಿದರು. ಅಲ್ಲಿಯವರೆಗೆ ಆಕೆಗೆ ಯಾರೂ ಬಹುವಚನ ಹಾಕಿದ್ದನ್ನು ನಾನು ಕೇಳಿರಲಿಲ್ಲ.

ದೊಡ್ಡವಳು ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆ ಎಂದಳು ಅವ್ವ. ಹಾಗೆ ನಾನೂ ಹೋದೆ. ನನ್ನ ಕೆಲಸ ತಂಗಿಯನ್ನು ಜೀಪಿನಿಂದ ಇಳಿಸುವುದು, ಹತ್ತಿಸುವುದು, ಬಾವಿಯ ನೀರು ಬಾಟಲಿಯಲ್ಲಿ ತುಂಬುವುದು. ಬಾಟಲಿ ಪ್ಲಾಸ್ಟಿಕ್ಕಿನವು. ಯಾವ ಬಾವಿಯ ನೀರು ತುಂಬಬೇಕೋ ಅದೇ ನೀರಿನಿಂದ ಮೂರು ಸಲ ತೊಳೆದು ಚೆಲ್ಲಿ, ನಾಲ್ಕನೇ ಸಲ ಕಂಠಮಟ್ಟ ತುಂಬಿ, ಬಿರಟೆ ಬಿಗಿದು, ಚೀಟಿಯನ್ನು ದಾರದಿಂದ ಕೊರಳಿಗೆ ಕಟ್ಟಬೇಕು. ಡಾಕ್ಟರು ಒಂದೇ ಸಲ ತೋರಿಸಿದ್ದು. ನಾನು ಒಮ್ಮೆಯೂ ತಪ್ಪಲಿಲ್ಲ.

ಮುಂಡರಗಿಯ ಸರಕಾರಿ ಬಂಗಲೆಯ ಹಿಂದಿನ ಎರಡು ಕೋಣೆಯಲ್ಲಿ ತಂಡದ ಬಿಡಾರ. ಅಲ್ಲಿಂದ ದಿನಾ ಒಂದೊಂದು ಹಳ್ಳಿ. ಡಾಕ್ಟರರು ಗುಡಿಯ ಕಟ್ಟೆಯ ಮೇಲೆ ಗಂಡಸರನ್ನು ನೋಡುತ್ತಿದ್ದರು. ತಂಗಿ ಮನೆಮನೆಗೆ ಹೋಗಿ ಹೆಂಗಸರನ್ನು ಕೇಳುತ್ತಿದ್ದಳು. ಮುಂಚೆ ಬಾಗಿಲು ಹಾಕಿಕೊಳ್ಳುತ್ತಿದ್ದ ಹೆಂಗಸರು ಆಕೆ ನಡೆಯುವುದನ್ನು ನೋಡಿ ತಾವೇ ಕರೆಯುತ್ತಿದ್ದರು.

ಒಂದು ಊರಿನ ಮುದುಕಿಯ ನೆನಪಿದೆ. ಕುತ್ತಿಗೆ ತಿರುಗದ ಆಕೆ ಇಡೀ ಮೈ ತಿರುಗಿಸಿ ನಮ್ಮನ್ನು ನೋಡಿದಳು.

"ಯವ್ವಾ, ನೀನೂ ನಮ್ಮಂಗ ಆಗಿಯಲ್ಲ. ಬಾ, ಕೆಳಗ ಕುಂಡ್ರು."

"ಕೆಳಗ ಕುಂತ್ರ ನನ್ನ ಎಬ್ಬಸಾಕ ಇಬ್ಬರು ಬೇಕು ಆಯಿ. ಕಟ್ಟಿ ಮ್ಯಾಲ ಕುಂಡರ್ತೀನಿ."

"ನನಗ ನಾಕ ಮಂದಿ ಬೇಕು. ನನ್ನ ಸೊಸಿ ಎಬ್ಬಸೂದಿಲ್ಲ, ಎತ್ತಿ ಒಗೀತಾಳ."

"ಕೇಳಸ್ತೈತಿ ಅತ್ತಿ" ಎಂದಿತು ಒಳಗಿನ ದನಿ.

"ಕೇಳಸಲಿ ಅಂತನ ಅಂದೀನಿ." ಮುದುಕಿ ನನ್ನ ಕಡೆ ಮೈ ತಿರುಗಿಸಿದಳು. "ಅಕ್ಕಾರ, ಈಕಿ ಯಾರು?"

"ನಮ್ಮಕ್ಕ."

"ಈಕಿಗೇನೂ ಆಗಿಲ್ಲಲ್ಲ. ಮತ್ಯಾಕ ಬಂದಾಳ?"

ತಂಗಿ ನಕ್ಕಳು. ಸೊಸೆಯೂ ಒಳಗಿನಿಂದ ನಕ್ಕಳು. ಹಳ್ಳಿಯವರು ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುವಂತೆ ತಂಗಿಯನ್ನು ಅಕ್ಕಾರ ಎಂದು ಕರೆಯುತ್ತಿದ್ದರು. ನನ್ನನ್ನು ನೀರಿನಾಕಿ ಎನ್ನುತ್ತಿದ್ದರು. ನಾನು ಕೊಡ ಹುಡುಕುವ ನೆಪದಲ್ಲಿ ಎದ್ದು ಹೋದೆ. ಕಾಲು ನೆಟ್ಟಗಿರುವುದಕ್ಕೆ ನನಗೆ ನಾಚಿಕೆಯಾದದ್ದು ಅದೇ ಮೊದಲು. ಆಕೆಯ ಕಾಲು ಆಕೆಗೆ ಎಲ್ಲ ಬಾಗಿಲನ್ನೂ ತೆರೆಯುತ್ತಿದ್ದವು. ನನ್ನವು ನನ್ನನ್ನು ಬಾವಿಯವರೆಗೆ ಒಯ್ಯುತ್ತಿದ್ದವು, ಅಷ್ಟೇ.

ಹೀಗೆ ಎರಡು ತಿಂಗಳು ಸುತ್ತಿದ ಮೇಲೆ ತಂಗಿ ಒಂದು ವಿಷಯ ಹೇಳಿದಳು. ಡಾಕ್ಟರರು ಊರಿಗೆ ಒಂದು ಬಾಟಲಿ ನೀರು ತೆಗೆಯುತ್ತಿದ್ದರು, ದೊಡ್ಡ ಬಾವಿಯದು. ಆ ಕಾಲಕ್ಕೆ ಹಳ್ಳಿಗಳಲ್ಲಿ ಕೇರಿಗೊಂದು ಬಾವಿ. ಒಂದು ಕೇರಿಯವರು ಇನ್ನೊಂದು ಕೇರಿಯ ಬಾವಿಗೆ ಹಗ್ಗ ಬಿಡುತ್ತಿರಲಿಲ್ಲ, ಬಿಡಲು ಬಿಡುತ್ತಲೂ ಇರಲಿಲ್ಲ. "ಬ್ಯಾನಿ ಊರಿಗೆ ಬಂದಿಲ್ಲರಿ, ಕೇರಿಗೆ ಬಂದೈತಿ" ಎಂದಳು ತಂಗಿ. ಆಗಲೇ ಮನೆಮನೆ ಕೇಳಿ ಬಂದಿದ್ದ, ತಾನು ಹುಟ್ಟಿದ ಹಳ್ಳಿಯನ್ನೇ ಲೆಕ್ಕಕ್ಕೆ ಹಿಡಿದಳು. ಅಲ್ಲಿ ಆರು ಬಾವಿ. ಯಾವ ಬಾವಿಯ ನೀರು ಸವಳು ಎಂದು ಜನ ಮೂಗು ಮುರಿಯುತ್ತಿದ್ದರೋ ಆ ಕೇರಿಯ ಮಕ್ಕಳ ಕಾಲು ನೆಟ್ಟಗಿದ್ದವು. ಯಾವುದನ್ನು ಸೀ ನೀರು ಎಂದು ಹೊಗಳುತ್ತಿದ್ದರೋ, ನಮ್ಮ ಮನೆಯವರು ಕುಡಿಯುತ್ತಿದ್ದ ಆ ಬಾವಿಯ ಕೇರಿಯಲ್ಲೇ ಬೆನ್ನು ಸೆಟೆದವರು ತುಂಬ ಇದ್ದರು. ಆರೂ ಬಾವಿಯ ನೀರನ್ನು ಬೇರೆ ಬೇರೆ ನೋಡಬೇಕು ಎಂದಳು.

ದೊಡ್ಡ ಡಾಕ್ಟರು ಆಕೆ ಬರೆದ ಹಾಳೆಗಳನ್ನು ತಿರುವಿ ನೋಡಿದರು. ಉಳಿದ ಇಬ್ಬರು ಕಿರಿಯ ಡಾಕ್ಟರರು ಮುಖ ಮುಖ ನೋಡಿಕೊಂಡರು. ಬೇನೆ ಇದ್ದವಳನ್ನು ಕೆಲಸಕ್ಕೆ ಸೇರಿಸಿದ್ದೇ ಅವರಿಗೆ ಸರಿ ಬಂದಿರಲಿಲ್ಲ. ನೋಡಿಸಿಕೊಳ್ಳಬೇಕಾದವಳು ನೋಡುವವಳ ಕುರ್ಚಿಯಲ್ಲಿ ಕೂರುವುದು ಎಂಥದು ಎಂದು ನನ್ನೆದುರೇ ಆಡಿಕೊಂಡಿದ್ದರು. "ಒಂದು ಊರಲ್ಲಿ ನೋಡೋಣ. ನಿಮ್ಮ ಮಾತು ನಿಜವಾದರೆ ಮುಂದಿನ ಕೆಲಸವೆಲ್ಲ ನೀವು ಹೇಳಿದ ಹಾಗೆ" ಎಂದರು ದೊಡ್ಡ ಡಾಕ್ಟರು. ನಿಜವಾಗದಿದ್ದರೆ ಏನೆಂದು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆ ಊರಿಗೆ ಹೋದ ದಿನ ಬೆಳಿಗ್ಗೆ ತಂಗಿ ಡಾಕ್ಟರಿಗೆ ಇನ್ನೊಂದು ಮಾತು ಹೇಳಿದಳು. ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ನೀರು ಕುಡಿದವರು ಸಿಕ್ಕರೆ ಬರೆದಿಡಬೇಕು. ರಕ್ತದ ದೋಷವೋ ನೀರಿನ ದೋಷವೋ ಅದರಿಂದ ತಿಳಿಯುತ್ತದೆ. "ಮೊದಲನೇದು ನಮ್ಮಕ್ಕನ್ನ ಬರಕೋತೀನ್ರಿ."

ನನ್ನನ್ನು ಗೋಡೆಗೆ ನಿಲ್ಲಿಸಿದರು. ಡಾಕ್ಟರು ಮೊಣಕಾಲ ನಡುವೆ ಅಳತೆ ಹಿಡಿದರು, ಬಾಯಿ ತೆಗೆಸಿ ಹಲ್ಲು ನೋಡಿದರು. ತಂಗಿ ಕುರ್ಚಿಯಲ್ಲಿ ಕುಳಿತು ಕೇಳಿದಳು.

"ವಯಸ್ಸು?"

"ನಿನಗ ಗೊತ್ತಿಲ್ಲೇನು?"

"ಬಾಯಿಲೆ ಹೇಳಬೇಕಕ್ಕಾ. ಎಲ್ಲಾರ್ನೂ ಹಂಗ ಕೇಳೂದು."

ಹೇಳಿದೆ. ಲಕ್ಷ್ಮೇಶ್ವರದಲ್ಲಿ ಯಾವ ಬಾವಿಯ ನೀರು, ಎಷ್ಟು ವರ್ಷ, ಮುರುಕು ಹಲ್ಲು ಇವೆಯೇ, ಎಲ್ಲ ಕೇಳಿದಳು.

"ಶಾಲಿ?"

"ನಾಕನೇತ್ತಿ."

ಆಕೆ ನಾಲ್ಕು ಎಂದು ಬರೆದಳು. ಏಕೆ ನಾಲ್ಕು ಎಂದು ಆಕೆಗೆ ಗೊತ್ತಿತ್ತು. ಅದನ್ನು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ. ಡಾಕ್ಟರು ಆಕೆಯ ಭುಜ ತಟ್ಟಿ, "ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ ನೋಡಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನಿನ್ನು ಹೋಗಮ್ಮ, ಬಾಟಲಿ ತಗೊಂಡು" ಎಂದರು.

ಆರು ಬಾಟಲಿ, ಆರು ಚೀಟಿ ಬುಟ್ಟಿಯಲ್ಲಿಟ್ಟುಕೊಂಡು ಹೊರಟೆ. ತಂಗಿಗೆ ಅಷ್ಟು ಕೇರಿ ತಿರುಗಲು ಆಗುತ್ತಿರಲಿಲ್ಲ. ಪ್ರತಿ ಬಾವಿಯ ಹತ್ತಿರ ಯಾರನ್ನು ಕೇಳಬೇಕು ಎಂದು ನನಗೆ ಹೇಳಿಕೊಟ್ಟಿದ್ದಳು, ಏಕೆಂದರೆ ಆ ಕೇರಿಯವರೇ ಸೇದಿ ಮೇಲಿನಿಂದ ಹುಯ್ಯಬೇಕು. ಮೊದಲು ಗುಡಿಯ ಹಿಂದಿನ ಬಾವಿ. ಅಲ್ಲಿ ತಡೆ ಇರಲಿಲ್ಲ, ನಾನೇ ಸೇದಿ ತುಂಬಿದೆ. ಎರಡನೆಯದು ಸೀ ನೀರಿನ ಬಾವಿ. ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು, ಬಾವಿಯ ಹತ್ತಿರ ಯಾರೂ ಇರಲಿಲ್ಲ. ನಮ್ಮವರು ಹಿಂದೆ ಇದ್ದ ಕೇರಿಯೇ ಆದರೂ ಅಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ, ಕೇಳದೆ ಹಗ್ಗ ಬಿಡುವಂತಿರಲಿಲ್ಲ, ಬಹಳ ಹೊತ್ತು ನಿಂತೆ. ಪಕ್ಕದ ಮನೆಯಿಂದ ಒಬ್ಬಾಕೆ ಹೊರಗೆ ಬಂದಳು.

"ಯಾರವ್ವ ನೀ? ಆ ಸೊಟ್ಟಗಾಲ ಅಕ್ಕಾರ ಕಡಿಯಾಕೇನು?"

"ಹೌದು."

"ತಡಿ, ಹಗ್ಗ ಕೊಡ ತಗೊಂಡು ಬರ್ತೀನಿ. ಅವರ ಹೆಸರು ಹೇಳಿದಿ ಅಂದ್ರ ಇಲ್ಲ ಅನ್ನಾಕ ಆಗೂದಿಲ್ಲ. ಭಾಳ ಶಾಣ್ಯಾ ಹುಡುಗಿ ನೋಡವ್ವ ಅದು. ಅಂಥಾಕಿ ಜೋಡಿ ಇರಾಕ ನೀನೂ ಪುಣ್ಯಾ ಮಾಡಿದ್ದಿ."

ಆಕೆ ಮನೆಯೊಳಗೆ ಹೋದಳು. ನಾನು ಆಕೆ ಬರುವವರೆಗೆ ನಿಲ್ಲಲಿಲ್ಲ. ಬುಟ್ಟಿ ಎತ್ತಿಕೊಂಡು ಗುಡಿಯ ಹಿಂದಿನ ಬಾವಿಗೆ ವಾಪಸು ಬಂದೆ. ಉಳಿದ ಐದೂ ಬಾಟಲಿಯನ್ನು ಅದೇ ನೀರಿನಿಂದ ತುಂಬಿದೆ. ಒಂದೊಂದನ್ನೂ ಮೂರು ಮೂರು ಸಲ ತೊಳೆದೆ. ಬಿರಟೆ ಬಿಗಿದೆ. ಓದಲು ಬಾರದವಳಾಗಿದ್ದರೆ ಚೀಟಿ ಅದಲುಬದಲಾಯಿತು ಎನ್ನಬಹುದಿತ್ತು. ನಾನು ಒಂದೊಂದು ಚೀಟಿಯನ್ನೂ ಓದಿ ಕಟ್ಟಿದೆ.

ಆಯಾಸಕ್ಕೆ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆಕೆಯ ಮಾತು ಸುಳ್ಳಾಗಲಿ ಎಂದೇ ಮಾಡಿದೆ.

ನೀರಿನ ಪರೀಕ್ಷೆಯ ಕಾಗದ ಬರಲು ಒಂದೂವರೆ ತಿಂಗಳು ಹಿಡಿಯಿತು. ಬಂಗಲೆಯ ಕೋಣೆಯಲ್ಲಿ ಡಾಕ್ಟರು ಕಾಗದವನ್ನು ತಂಗಿಯ ಮುಂದಿಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಆರೂ ಬಾವಿಯ ನೀರು ಒಂದೇ ಥರ, ಆರೂ ಒಳ್ಳೆಯ ನೀರು.

"ಇದು ಆಗಾಕ ಸಾಧ್ಯ ಇಲ್ಲರಿ" ಎಂದಳು ತಂಗಿ.

"ನೀರು ತಂದವರು ಯಾರು?" ಎಂದು ಕಿರಿಯ ಡಾಕ್ಟರೊಬ್ಬರು ಕೇಳಿದರು.

"ನಮ್ಮಕ್ಕ. ಆಕಿ ತಪ್ಪೂದಿಲ್ಲರಿ." ನನ್ನ ಕಡೆ ತಿರುಗಿ ಸಹ ನೋಡಲಿಲ್ಲ ಆಕೆ. ಅಷ್ಟು ನಂಬಿಕೆ.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬೇನೆ ಇರುವವರನ್ನೇ ಬೇನೆ ಹುಡುಕಲು ಕಳಿಸಿದರೆ ಹೀಗಾಗುತ್ತದಮ್ಮ. ನೀವು ಹುಟ್ಟಿದ ಕೇರಿ, ನಿಮ್ಮ ಬಾವಿ. ಕಣ್ಣು ಅಲ್ಲಿಗೇ ಹೋಗುತ್ತದೆ. ತಪ್ಪು ನಿಮ್ಮದಲ್ಲ, ನಿಮಗೆ ಈ ಭಾರ ಹೊರಿಸಿದ ನನ್ನದು" ಎಂದರು. ಬೈದಿದ್ದರೆ ಆಕೆ ವಾದಿಸುತ್ತಿದ್ದಳು. ಅವರು ಮರುಗಿದರು. ಆ ತಿಂಗಳೊಳಗೆ ಆಕೆಯ ಕೆಲಸ ಮುಗಿಯಿತು. ಕಿರಿಯ ಡಾಕ್ಟರರು ಕೊನೆಯ ದಿನ ಆಕೆಯ ಕಾಲಿನ ಫೋಟೋ ತೆಗೆದುಕೊಂಡರು, ಬೇರೆ ರೋಗಿಗಳದನ್ನು ತೆಗೆದ ಹಾಗೆ.

ನನಗೆ ಆಗ ಏನಾಯಿತು ಎಂದು ನಿಜ ಬರೆಯಬೇಕು. ಸಂತೋಷವಾಯಿತು. ಬೆಟಗೇರಿಗೆ ಬರುವ ಬಸ್ಸಿನಲ್ಲಿ ಆಕೆ ಕಿಟಕಿಗೆ ತಲೆ ಕೊಟ್ಟು ಕುಳಿತಿದ್ದಳು. ನಾನು ಡಂಬಳದಲ್ಲಿ ಇಳಿದು ಶೇಂಗಾ ಕೊಂಡು ತಂದು ತಿಂದೆ. ಇನ್ನು ಇವಳು ಮತ್ತೆ ನಾನು ಎತ್ತಿದರೆ ಏಳುವವಳು, ನಾನು ಇಳಿಸಿದರೆ ಇಳಿಯುವವಳು ಎನಿಸಿತು. ಮನೆಗೆ ಬಂದ ಮೇಲೆ ಆಕೆ ಅವ್ವನ ಪಕ್ಕದಲ್ಲಿ ಕುಳಿತು ಕಂಡಿಕಿ ಸುತ್ತಹತ್ತಿದಳು. ಅವ್ವನ ಸೆಟೆದ ಭುಜವನ್ನಾಗಲಿ, ಓಣಿಯಲ್ಲಿ ಯಾರ ನಡಿಗೆಯನ್ನಾಗಲಿ ತಿರುಗಿ ನೋಡುವುದನ್ನೇ ಬಿಟ್ಟಳು. ಒಂದು ಸಲ ಪಕ್ಕದ ಮನೆಯಾಕೆ ತನ್ನ ಮಗಳ ಕಾಲು ತೋರಿಸಿ, "ನೋಡ ಸ್ವಲ್ಪ, ಬಾಗ್ಯಾವೇನು?" ಎಂದಳು. "ನನ್ನ ಕೇಳಬ್ಯಾಡ್ರಿ. ನನಗ ಎಲ್ಲಾರ ಕಾಲೂ ಸೊಟ್ಟನ ಕಾಣ್ತಾವ" ಎಂದಳು ತಂಗಿ. ನನ್ನ ಸಂತೋಷ ಅವತ್ತಿಗೆ ಹೋಯಿತು. ಆದರೂ ಬಾಯಿ ಬಿಡಲಿಲ್ಲ.

ಮರುವರ್ಷ ನನ್ನ ಮದುವೆಯಾಗಿ ಶಿರಹಟ್ಟಿಗೆ ಹೋದೆ. ನಾಲ್ಕನೇ ವರ್ಷದ ಪಂಚಮಿಗೆ ತವರಿಗೆ ಬಂದಾಗ ತಂಗಿ ನನ್ನ ಕೈಗೆ ಒಂದು ಇನ್‌ಲ್ಯಾಂಡ್ ಪತ್ರ ಕೊಟ್ಟಳು. "ಕಿರಾಣಿ ತರಾಕ ಹೊಂಟಿಯಲ್ಲ, ಹಂಗ ಡಬ್ಬಿಗೆ ಹಾಕಿಬಿಡಕ್ಕಾ." ಅಂಟಿಸಿರಲಿಲ್ಲ. ದಾರಿಯಲ್ಲಿ ಓದಿದೆ. ಅದೇ ಕಾಲೇಜಿಗೆ ಹೊಸದಾಗಿ ಬಂದ ಡಾಕ್ಟರೊಬ್ಬರು, ಹೆಣ್ಣುಮಗಳು, ಹಳೆಯ ಕಾಗದಗಳಲ್ಲಿ ತಂಗಿ ಹೆಂಗಸರಿಗೆ ಕೇಳಿದ ಪ್ರಶ್ನೆಗಳನ್ನು ನೋಡಿ, ಮತ್ತೆ ಆ ಹಳ್ಳಿಗಳ ಕೆಲಸ ಶುರು ಮಾಡುತ್ತೇವೆ, ನೀವು ಬರಬೇಕು ಎಂದು ಬರೆದಿದ್ದರಂತೆ. ಇದು ಅದಕ್ಕೆ ಉತ್ತರ. ನನಗಿರುವ ಬೇನೆಯಿಂದ ನನ್ನ ನೋಟ ಸರಿಯಿಲ್ಲವೆಂದು ಹಿಂದೆ ತಿಳಿದುಬಂದಿದೆ, ದಯವಿಟ್ಟು ಆರೋಗ್ಯವಂತರನ್ನು ಯಾರನ್ನಾದರೂ ತೆಗೆದುಕೊಳ್ಳಿರಿ ಎಂದು ಬರೆದಿದ್ದಳು. ಅಕ್ಷರ ಮುತ್ತಿನಂತಿದ್ದವು.

ಅಂಚೆ ಡಬ್ಬಿಯವರೆಗೂ ಹೋದೆ. ಹಾಕಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಕೆ ಮತ್ತೆ ಜೀಪು ಹತ್ತುವುದಿಲ್ಲ, ಯಾರೂ ಆಕೆಗೆ ಬಹುವಚನ ಹಾಕುವುದಿಲ್ಲ. ಆ ವಿಚಾರ ಆಗಲೂ ನನಗೆ ಸಿಹಿಯಾಗಿಯೇ ಇತ್ತು. ಅದು ಸಿಹಿಯಾಗಿದೆ ಎಂದು ಗೊತ್ತಾದಾಗಲೇ ನನಗೆ ನನ್ನ ಮೇಲೆ ಹೆದರಿಕೆ ಬಂತು. ಪತ್ರ ಹಿಡಿದುಕೊಂಡೇ ಮನೆಗೆ ಬಂದೆ.

ಅವ್ವ ಹಿತ್ತಲಲ್ಲಿದ್ದಳು. ತಂಗಿ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಎಳ್ಳುಂಡಿ ಕಟ್ಟುತ್ತಿದ್ದಳು.

"ಹಾಕಿದೇನು?"

"ಇಲ್ಲ. ಆ ಆರೂ ಬಾಟ್ಲಿ ಒಂದ ಬಾವೀವು."

"ಯಾವ ಬಾಟ್ಲಿ?"

"ನಿಮ್ಮೂರಿನವು. ನಾ ಎಲ್ಲಾ ಬಾವಿಗೆ ಹೋಗಲಿಲ್ಲ."

ಆಕೆಯ ಕೈ ನಿಂತಿತು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದು ಹತ್ತಿರ ಹೋಗಿ ಕುಳಿತೆ. ಆಕೆ ಹೊಡೆಯಲಿಲ್ಲ, ಕೇಳಿದಳು.

"ಯಾವ ಬಾವಿ?"

"ಗುಡಿ ಹಿಂದಿಂದು."

"ಆರೂ?"

"ಆರೂ."

"ತೊಳದಿದ್ದೇನು?"

"ಮೂರ್ಮೂರು ಸಲ."

"ಅದನ್ನರ ಬರೋಬ್ಬರಿ ಮಾಡಿದಿ." ಉಂಡಿಯನ್ನು ತಟ್ಟೆಯಲ್ಲಿಟ್ಟಳು. "ಉಳಿದ ಊರಿನವು?"

"ಅವೆಲ್ಲಾ ಖರೆ ಅದಾವ. ಬೇಕಾದ್ರ ಆಣಿ ಮಾಡ್ತೀನಿ."

"ಆಣಿ ಬ್ಯಾಡ. ಒಂದೊಂದ ಊರು ಹೇಳು. ಎಲ್ಲಿ ಯಾರು ಸೇದಿ ಕೊಟ್ರು, ಹೇಳು."

ನಾನು ಹೇಳಿದೆ. ನೆನಪಿದ್ದಷ್ಟು ಊರು, ನೆನಪಿದ್ದಷ್ಟು ಮನುಷ್ಯರು. ಆಕೆ ನಡುನಡುವೆ ಮತ್ತೆ ಮತ್ತೆ ಕೇಳಿ ಗಟ್ಟಿ ಮಾಡಿಕೊಂಡಳು, ಹಳ್ಳಿಯ ಹೆಂಗಸರನ್ನು ಕೇಳುತ್ತಿದ್ದ ಅದೇ ದನಿಯಲ್ಲಿ. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಯಾಕ ಮಾಡಿದಿ ಅಂತ ಕೇಳೂದಿಲ್ಲೇನು?"

"ಅದು ಗೊತ್ತೈತಿ" ಎಂದಳು.

ಎಷ್ಟು ದಿನದಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ. ನನ್ನ ಕೈಯಿಂದ ಪತ್ರ ತೆಗೆದುಕೊಂಡು ಹರಿದು ಒಲೆಗೆ ಹಾಕಿಸಿದಳು. ಆಮೇಲೆ ಹೊಸ ಹಾಳೆಯೊಂದನ್ನು ನನ್ನ ಮುಂದಿಟ್ಟಳು. "ಕುಂತು ಬರಿ. ನಿನ್ನ ಕೈಲೇ ಬರಿ. ನಾ ಬರದ್ರ ತಂಗಿ ತನಗ ಬೇಕಾದಂಗ ಬರಕೊಂಡಾಳ ಅಂತಾರ."

ನಾಲ್ಕನೇತ್ತೆ ಬಿಟ್ಟ ಮೇಲೆ ನಾನು ಅಷ್ಟುದ್ದ ಬರೆದದ್ದು ಅದೇ ಮೊದಲು. ಯಾವ ದಿನ, ಯಾವ ಬಾವಿ, ಯಾವ ಚೀಟಿ, ಎಲ್ಲ ಬರೆದು ಸಹಿ ಹಾಕಿದೆ. ಕಾರಣ ಬರೆಯಹೋದಾಗ ತಂಗಿ ಬೇಡವೆಂದಳು. ಅವ್ವನಿಗೆ ಆಕೆ ಏನೂ ಹೇಳಲಿಲ್ಲ. ಹಬ್ಬ ಮುಗಿದು ನಾನು ಹೊರಡುವವರೆಗೂ ನನ್ನೊಂದಿಗೂ ಮಾತಾಡಲಿಲ್ಲ. ಉಂಡಿ ಕಟ್ಟಿಕೊಟ್ಟದ್ದು ಅವ್ವ.

ಹೊಸ ಡಾಕ್ಟರು ಪತ್ರ ಓದಿ ಜೀಪಿನೊಂದಿಗೆ ಬಂದರು. ಆರೂ ಬಾವಿಯ ನೀರು ಮತ್ತೆ ತೆಗೆಯುವ ದಿನ ನಾನೂ ಇರಬೇಕೆಂದು ಹೇಳಿಕಳಿಸಿದ್ದರು. ಶಿರಹಟ್ಟಿಯಿಂದ ಬೆಳಗಿನ ಬಸ್ಸಿಗೆ ಹೋದೆ. ಮುಂದೆ ಪರೀಕ್ಷೆಯಲ್ಲಿ ಸೀ ನೀರಿನ ಬಾವಿ ತಂಗಿ ಹೇಳಿದಂತೆಯೇ ಬಂತು. ಒಂದು ಬಾವಿಯ ವಿಷಯದಲ್ಲಿ ಮಾತ್ರ ಆಕೆ ತಪ್ಪಿದ್ದಳು. ಒಳ್ಳೆಯದು ಎಂದುಕೊಂಡಿದ್ದ ಬಾವಿಯೂ ಕೆಟ್ಟದ್ದೇ ಆಗಿತ್ತು. ತಾನು ತಪ್ಪಿದ್ದನ್ನು ಆಕೆ ತಾನೇ ಎಲ್ಲರಿಗೂ ಹೇಳಿದಳು. ಮುಂದೆ ಎಷ್ಟೋ ವರ್ಷ ಆ ಕೆಲಸದಲ್ಲಿದ್ದಳು. ಅವರು ಅಚ್ಚು ಹಾಕಿಸಿದ ಕಾಗದದಲ್ಲಿ ಡಾಕ್ಟರರ ಹೆಸರಿನ ಸಾಲಿನಲ್ಲಿ ಆಕೆಯ ಹೆಸರೂ ಇತ್ತು. ತಪ್ಪು ಒಪ್ಪಿಕೊಂಡ ಮೇಲೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನೀರು ತೆಗೆದ ಆ ದಿನ ನನಗೆ ಹಾಗೇನೂ ಆಗಲಿಲ್ಲ.

ಸೀ ನೀರಿನ ಬಾವಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ತಂಗಿ ಕುಳಿತಿದ್ದಳು. ನಾನು ಅಭ್ಯಾಸದಿಂದ ಬುಟ್ಟಿಗೆ ಕೈ ಹಾಕಿದೆ.

"ಅಕ್ಕಾ, ನೀ ಅಲ್ಲೇ ಕಟ್ಟಿ ಮ್ಯಾಲ ಕುಂಡ್ರು. ಬಾಟ್ಲಿ ಮುಟ್ಟಬ್ಯಾಡ."

ಸಿಟ್ಟಿನಿಂದ ಹೇಳಲಿಲ್ಲ. ಹೊಸ ಡಾಕ್ಟರು ಇವರು ಯಾರು ಎಂದು ಕೇಳಿದಾಗ, "ನಮ್ಮಕ್ಕ, ಪತ್ರ ಬರದಾಕಿ" ಎಂದಳು, ಅಷ್ಟೇ. ನೀರು ಸೇದಲು ಆ ಕೇರಿಯ ಹೆಂಗಸೊಬ್ಬಳನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು. ಆಕೆಯ ಕುತ್ತಿಗೆಯೂ ಸೆಟೆದಿತ್ತು. ಬಾವಿಯೊಳಗೆ ಬಗ್ಗಿ ನೋಡಲಾಗದೆ ಹಗ್ಗದ ಭಾರದ ಮೇಲೆಯೇ ಕೊಡ ತುಂಬಿದ್ದನ್ನು ತಿಳಿದುಕೊಳ್ಳುತ್ತಿದ್ದಳು. ತಂಗಿ ಆಕೆಗೆ ಬಾಟಲಿ ತೊಳೆಯುವುದನ್ನು ತೋರಿಸಿದಳು. ಮೊದಲ ಸಲ ಆಕೆ ನೀರನ್ನು ತನ್ನ ಸೀರೆಯ ಮೇಲೆಯೇ ಚೆಲ್ಲಿಕೊಂಡಳು. ಇಬ್ಬರೂ ನಕ್ಕರು. ತಂಗಿ ಆಕೆಯ ಮುಂಗೈ ಹಿಡಿದು ಬಾಟಲಿಯನ್ನು ಹೇಗೆ ಓರೆ ಮಾಡಬೇಕೆಂದು ಕಲಿಸಿದಳು. ಎರಡನೇ ಸಲಕ್ಕೆ ಬಂತು. ನನಗೆ ಒಂದೇ ಸಲಕ್ಕೆ ಬಂದಿತ್ತು, ಅದನ್ನು ಯಾರಿಗೆ ಹೇಳುವುದು. ಹೊಟ್ಟೆಯಲ್ಲಿ ಅದೇ ಕಿಚ್ಚು, ಈ ಸಲ ಪರಿಚಯವೇ ಇಲ್ಲದ ಒಬ್ಬ ಹೆಂಗಸಿನ ಮೇಲೆ.

ಆಕೆ ತುಂಬಿದ ಬಾಟಲಿ ಹಿಡಿದು, ಕುತ್ತಿಗೆ ತಿರುಗದ ಕಾರಣ ಇಡೀ ಮೈ ನನ್ನ ಕಡೆ ತಿರುಗಿಸಿದಳು.

"ಒಂಚೂರು ಆ ಕಡಿ ಸರೀರಿ. ಬಾಟ್ಲಿ ಇಡಾಕ ಜಾಗ ಬೇಕು."

ನಾನು ಸರಿದೆ.